ಅರೆತಲೆನೋವಿಗೆ ಬಿ2, ಮೆಗ್ನೀಷಿಯಂ ಗುಳಿಗೆ: ಯಾರಿಗೆ ಗುಣ ಕೊಟ್ಟಿದೆ, ಯಾರಿಗೆ ಕೊಟ್ಟಿಲ್ಲ?

ಬಿಳಿಜೋಳ (ನವನಗರ, ಬಾಗಲಕೋಟೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಥಮಿಕ ಶಾಲೆ ಶಿಕ್ಷಕಿ. ಹದಿನಾರು ವರ್ಷದಿಂದ ಅರೆತಲೆನೋವು ಇದೆ. ನಮ್ಮ ಕಡೆ ಹಿರಿಯರು ತಲೆಶೂಲೆ ಅಂತಾರೆ, ನನಗೆ ಆ ಹೆಸರೇ ಸರಿ ಅನಿಸುತ್ತದೆ. ಎಡಗಣ್ಣಿನ ಹಿಂದೆ ಶುರುವಾಗಿ ಕಿವಿ ಮೇಲಿಂದ ಹಿಂದಕ್ಕೆ ಹೋಗುತ್ತದೆ. ಆಮೇಲೆ ವಾಂತಿ, ಆಮೇಲೆ ಕಿಟಕಿ ಮುಚ್ಚಿ ಮಲಗುವುದು. ಒಗ್ಗರಣೆ ವಾಸನೆ ಕೂಡ ತಡೆಯಲು ಆಗುವುದಿಲ್ಲ.

ಎರಡು ವರ್ಷದ ಹಿಂದೆ ಯಾರೋ ವಿಟಮಿನ್ ಬಿ ತಗೋ ಅಂದರು. ಬಿ ಕಾಂಪ್ಲೆಕ್ಸ್ ಕ್ಯಾಪ್ಸೂಲ್ ತಂದು ಆರು ತಿಂಗಳು ನುಂಗಿದೆ. ಏನೂ ಬದಲಾಗಲಿಲ್ಲ. ವಿಟಮಿನ್ ಎಲ್ಲ ಸುಮ್ನೆ ಅಂತ ಬಿಟ್ಟುಬಿಟ್ಟೆ. ಹೋದ ವರ್ಷ ಬೆಳಗಾವಿಯಲ್ಲಿ ನರರೋಗ ತಜ್ಞರನ್ನು ಕಂಡಾಗ ಅವರು ಮೊದಲು ಕೇಳಿದ್ದೇ "ಬಿ2 ಎಷ್ಟು ಮಿಲಿಗ್ರಾಂ ಇತ್ತು?" ಅಂತ. ಖಾಲಿ ಸ್ಟ್ರಿಪ್ ಇನ್ನೂ ಪರ್ಸಿನಲ್ಲೇ ಇತ್ತು, ನೋಡಿದರೆ 10 ಮಿಲಿಗ್ರಾಂ. ಅರೆತಲೆನೋವಿಗೆ ಪರೀಕ್ಷೆ ಮಾಡಿ ನೋಡಿದ ಪ್ರಮಾಣ ದಿನಕ್ಕೆ 400. ಅಂದರೆ ಆರು ತಿಂಗಳು ನಾನು ನುಂಗಿದ್ದು ನಲವತ್ತನೇ ಒಂದು ಭಾಗ.

ಆಮೇಲೆ ಅವರೇ ಬರೆದುಕೊಟ್ಟ ಹಾಗೆ ಬಿ2 400 ಮಿಲಿಗ್ರಾಂ ಬೆಳಿಗ್ಗೆ ತಿಂಡಿ ಆದ ಮೇಲೆ, ರಾತ್ರಿ ಮೆಗ್ನೀಷಿಯಂ. ಮೊದಲ ತಿಂಗಳು ಒಂಬತ್ತು ದಿನ ನೋವು, ಅಂದರೆ ಏನೂ ವ್ಯತ್ಯಾಸ ಇಲ್ಲ. ಎರಡನೇ ತಿಂಗಳು ಎಂಟು. ಮೂರನೇ ತಿಂಗಳು ಐದು. ನಾಲ್ಕನೇ ತಿಂಗಳು ನಾಲ್ಕು. ಪೂರ್ತಿ ಹೋಗಿಲ್ಲ, ಆದರೆ ತಿಂಗಳಿಗೆ ಐದು ದಿನ ನನಗೆ ವಾಪಸ್ ಸಿಕ್ಕಿವೆ. ಎಣಿಸಿದ್ದಕ್ಕೇ ಇದು ಗೊತ್ತಾಗಿದ್ದು. ಅಡುಗೆಮನೆ ಗೋಡೆಯ ಶಾಬಾದಿಮಠ ಕ್ಯಾಲೆಂಡರ್ ಮೇಲೆ ನೋವು ಬಂದ ದಿನ ಕೆಂಪು ಚುಕ್ಕೆ, ನೋವಿನ ಗುಳಿಗೆ ನುಂಗಿದರೆ ಪಕ್ಕದಲ್ಲಿ ನೀಲಿ ಚುಕ್ಕೆ.

ನಿಮ್ಮ ಅನುಭವ ಹೇಳಿ. ಗುಣ ಕೊಟ್ಟಿಲ್ಲ ಅಂದರೂ ಬರೆಯಿರಿ, ಅದೂ ಬೇಕು.

ಗುಮ್ಮಟದ ನೆರಳು (ವಿಜಯಪುರ)

ಅಕ್ಕಾರೆ, ನನಗೆ ಕೊಟ್ಟಿಲ್ಲ. ಐದು ತಿಂಗಳು ಇದೇ 400 ಮಿಲಿಗ್ರಾಂ ತಗೊಂಡೆ. ಆದರೆ ಯಾಕೆ ಕೊಡಲಿಲ್ಲ ಅಂತ ಆಮೇಲೆ ತಿಳಿಯಿತು, ಅದನ್ನೇ ಬರೆಯುತ್ತೇನೆ.

ನನ್ನದು ಬಟ್ಟೆ ಅಂಗಡಿ. ಬೇಸಿಗೆಯಲ್ಲಿ ನಮ್ಮ ವಿಜಯಪುರದ ಬಿಸಿಲು ಗೊತ್ತಲ್ಲ, 40 ದಾಟುತ್ತದೆ. ಮಧ್ಯಾಹ್ನ ಬೈಕ್ ಮೇಲೆ ಊಟಕ್ಕೆ ಮನೆಗೆ ಹೋಗಿ ಬಂದರೆ ಸಾಕು, ನೋವು ಶುರು. ಅಂಗಡಿ ಬಿಟ್ಟು ಮಲಗಲು ಆಗುವುದಿಲ್ಲ. ಹಾಗಾಗಿ ಗಲ್ಲಾಪೆಟ್ಟಿಗೆಯಲ್ಲೇ ನೋವಿನ ಗುಳಿಗೆ ಇಟ್ಟಿರುತ್ತಿದ್ದೆ. ಮೊದಲು ವಾರಕ್ಕೆ ಎರಡು, ಆಮೇಲೆ ದಿನಕ್ಕೊಂದು, ಕಡೆಗೆ ನೋವು ಬರುವ ಮೊದಲೇ ಹೆದರಿ ಒಂದು. ಬೆಳಿಗ್ಗೆ ಎದ್ದಾಗಲೇ ತಲೆ ಭಾರ ಇರುತ್ತಿತ್ತು. ಡಾಕ್ಟರು ಹೇಳಿದರು, ಈಗ ನಿನ್ನ ತಲೆನೋವಿಗೆ ನೋವಿನ ಗುಳಿಗೆಯೇ ಕಾರಣ. ಪ್ಯಾರಾಸಿಟಮಾಲ್, ಐಬುಪ್ರೊಫೆನ್ ತರಹದ್ದು ತಿಂಗಳಿಗೆ 15 ದಿನ ಅಥವಾ ಜಾಸ್ತಿ, ಮೂರು ತಿಂಗಳಿಗಿಂತ ಹೆಚ್ಚು ಕಾಲ ನುಂಗಿದರೆ ಹೀಗಾಗುತ್ತದಂತೆ. ಎರಡು ಮೂರು ಔಷಧ ಬೆರೆತ ಗುಳಿಗೆ, ಇಲ್ಲವೇ ಅರೆತಲೆನೋವಿಗೇ ಕೊಡುವ ಸುಮಾಟ್ರಿಪ್ಟಾನ್ ಆದರೆ ತಿಂಗಳಿಗೆ 10 ದಿನ ನುಂಗಿದರೂ ಸಾಕು, ಹೀಗಾಗುತ್ತದೆ.

ಅವರ ಕೈಕೆಳಗೇ ಬಿಡಿಸಿದರು. ಮೊದಲ ಎರಡು ವಾರ ನರಕ, ಅದನ್ನು ಮುಚ್ಚಿಟ್ಟು ಹೇಳಲ್ಲ. ಆಮೇಲೆ ಬೆಳಗಿನ ಭಾರ ಹೋಯಿತು. ಅದಕ್ಕೇ ಹೇಳುವುದು, ವಿಟಮಿನ್ ಶುರು ಮಾಡುವ ಮೊದಲು ಅಕ್ಕಾರ ಹೇಳಿದ ನೀಲಿ ಚುಕ್ಕೆ ಎಣಿಸಿ. ನೀಲಿ ಜಾಸ್ತಿ ಇದ್ದರೆ ಬಿ2 ಎಷ್ಟು ಹಾಕಿದರೂ ದಾರಿ ಕಾಣುವುದಿಲ್ಲ.

ಮೆಡಿಕಲ್ ಅಂಗಡಿ (ಮುಧೋಳ)

ನಾನು ಫಾರ್ಮಸಿಸ್ಟ್, ಹದಿನೆಂಟು ವರ್ಷದಿಂದ ಕೌಂಟರಿನಲ್ಲಿ ನಿಂತಿದ್ದೇನೆ. ಬಿಳಿಜೋಳ ಮೇಡಂ ಹೇಳಿದ ತಪ್ಪು ದಿನಾ ನೋಡುತ್ತೇನೆ. ಬಂದವರು "ತಾಕತ್ತಿನ ಗುಳಿಗೆ ಕೊಡ್ರಿ, ತಲೆನೋವಿಗೆ" ಅಂತಾರೆ. ದಯವಿಟ್ಟು ಸ್ಟ್ರಿಪ್ಪಿನ ಹಿಂದೆ ಓದಿ. ಅಕ್ಷರ ಸಣ್ಣ ಇದ್ದರೆ ನಮ್ಮ ಹತ್ತಿರ ಓದಿಸಿಕೊಳ್ಳಿ, ಅದಕ್ಕೇ ನಾವು ಇರುವುದು.

ಮೆಗ್ನೀಷಿಯಂದು ಇನ್ನೂ ದೊಡ್ಡ ಗೊಂದಲ. ಡಬ್ಬಿ ಮೇಲೆ "ಮೆಗ್ನೀಷಿಯಂ ಗ್ಲೈಸಿನೇಟ್ 500 ಮಿಲಿಗ್ರಾಂ" ಅಂತ ಇದ್ದರೆ ಅದು ಇಡೀ ಲವಣದ ತೂಕ, ಅಂದರೆ ಮೆಗ್ನೀಷಿಯಂ ಜೊತೆ ಸೇರಿಕೊಂಡ ಬೇರೆ ವಸ್ತುವೂ ಕೂಡಿ. ಅದರೊಳಗಿನ ಮೆಗ್ನೀಷಿಯಂ ಸುಮಾರು 70 ಮಿಲಿಗ್ರಾಂ ಅಷ್ಟೇ. ಆಕ್ಸೈಡ್ ಆದರೆ ತೂಕದಲ್ಲಿ ಅರ್ಧಕ್ಕಿಂತ ಜಾಸ್ತಿ ಮೆಗ್ನೀಷಿಯಂ ಇರುತ್ತದೆ, ಆದರೆ ಮೈಗೆ ಹತ್ತುವುದು ಕಡಿಮೆ, ಹೊಟ್ಟೆ ಸಡಿಲ ಮಾಡುವುದು ಜಾಸ್ತಿ. ಹಾಗಾಗಿ "ನಾನು 500 ತಗೊಳ್ತೀನಿ" ಅಂದರೆ ಏನೂ ತಿಳಿಯುವುದಿಲ್ಲ, ಯಾವ ಲವಣ, ಒಳಗೆ ಎಷ್ಟು ಅಂತ ಹೇಳಬೇಕು. ಜರ್ಮನಿಯಲ್ಲಿ 1996ರಲ್ಲಿ 81 ಜನರ ಮೇಲೆ ಪರೀಕ್ಷೆ ಮಾಡಿದಾಗ ದಿನಕ್ಕೆ 600 ಮಿಲಿಗ್ರಾಂ ಕೊಟ್ಟಿದ್ದರು, 12 ವಾರ. ಕಡೆ ಕಡೆಗೆ ನೋವು ಬರುವುದು ಸುಮಾರು ನೂರಕ್ಕೆ 42ರಷ್ಟು ಇಳಿದಿತ್ತು, ಸುಳ್ಳು ಗುಳಿಗೆ (ಹೋಲಿಸಿ ನೋಡಲು ಕೊಡುವ, ಔಷಧ ಇಲ್ಲದ ಗುಳಿಗೆ) ತಗೊಂಡವರಲ್ಲಿ ನೂರಕ್ಕೆ 16ರಷ್ಟು. ಆದರೆ ಮೆಗ್ನೀಷಿಯಂ ತಗೊಂಡವರಲ್ಲಿ ಐದರಲ್ಲಿ ಒಬ್ಬರಿಗೆ ಹತ್ತಿರ ಹತ್ತಿರ ಬೇಧಿ ಕೂಡ ಆಗಿತ್ತು.

ಕಿಡ್ನಿ ತೊಂದರೆ ಇದ್ದವರು ಮೆಗ್ನೀಷಿಯಂ ಮುಟ್ಟಲೇಬೇಡಿ, ಡಾಕ್ಟರನ್ನು ಕೇಳದೆ. ಅದು ಹೊರಗೆ ಹೋಗುವುದೇ ಕಿಡ್ನಿಯಿಂದ. ಒಳಗೇ ಕೂಡಿಕೊಂಡರೆ ಹೃದಯದ ಬಡಿತಕ್ಕೇ ತೊಂದರೆ.

ಮಗ್ಗದ ಮನೆ (ಇಳಕಲ್)

ನಂದೂ ಹೇಳ್ತೀನಿ. ನಮ್ಮ ಮನೆಯಲ್ಲಿ ಎರಡು ಮಗ್ಗ. ಲಾಳಿ ಸದ್ದು ಎಲ್ಲರಿಗೂ ಅಭ್ಯಾಸ, ನನಗೂ ಅಭ್ಯಾಸ, ಆದರೆ ತಲೆ ಹಿಡಿದ ದಿನ ಒಂದೊಂದು ಬಡಿತವೂ ತಲೆಯೊಳಗೇ ಬಿದ್ದ ಹಾಗೆ. ಮಗ್ಗ ನಿಲ್ಲಿಸಿ ಅಂತ ಹೇಗೆ ಹೇಳಲಿ, ಅದೇ ಅಲ್ವಾ ನಮ್ಮ ಹೊಟ್ಟೆ.

ಮೆಗ್ನೀಷಿಯಂ ತಗೊಂಡ ಮೂರೇ ದಿನಕ್ಕೆ ಬೇಧಿ ಹಿಡಿಯಿತು. ನಿಲ್ಲಿಸಿಬಿಟ್ಟಿದ್ದೆ. ಆಮೇಲೆ ಡಾಕ್ಟರು ಬೇರೆ ಲವಣ ಕೊಟ್ಟರು, ಅರ್ಧ ಪ್ರಮಾಣದಿಂದ ಶುರು ಮಾಡಿಸಿದರು, ಊಟದ ಜೊತೆಗೆ. ಈಗ ಹೊಟ್ಟೆ ತಡೆಯುತ್ತೆ. ನನಗೆ ಥೈರಾಯ್ಡ್ ಗುಳಿಗೆ ಬೇರೆ ಇದೆ, ಬೆಳಿಗ್ಗೆ ಖಾಲಿ ಹೊಟ್ಟೆಗೆ. ಎರಡನ್ನೂ ಒಟ್ಟಿಗೆ ನುಂಗುತ್ತಿದ್ದೆ, ಯಾರೂ ಹೇಳಿರಲಿಲ್ಲ. ನಾಲ್ಕು ತಾಸು ಅಂತರ ಇರಬೇಕಂತೆ, ಇಲ್ಲದಿದ್ದರೆ ಥೈರಾಯ್ಡ್ ಗುಳಿಗೆ ಮೈಗೆ ಸರಿಯಾಗಿ ಹತ್ತುವುದಿಲ್ಲ.

ಬಿ2 ತಗೊಂಡಾಗ ಮೂತ್ರ ಅರಿಶಿಣ ಕಲಸಿದ ಹಾಗೆ ಹಳದಿ ಆಯಿತು. ಕಾಮಾಲೆ ಅಂತ ಹೆದರಿ ನಮ್ಮ ಅತ್ತೆ ದೇವರಿಗೆ ಹರಕೆ ಹೊತ್ತುಬಿಟ್ಟಿದ್ದರು. ಇದು ಎಲ್ಲರಿಗೂ ಆಗುತ್ತಾ?

ಬಿಳಿಜೋಳ

ಆಗುತ್ತೆ ತಂಗಿ, ನನಗೂ ಆಗಿದೆ. ಬಿ2 ಬಣ್ಣವೇ ಹಳದಿ. ಮೈಗೆ ಬೇಕಾಗಿದ್ದು ಉಳಿದು ಮಿಕ್ಕಿದ್ದು ಹಾಗೇ ಹೊರಗೆ ಹೋಗುತ್ತದೆ. ಕಾಮಾಲೆಯಲ್ಲಿ ಕಣ್ಣಿನ ಬಿಳಿ ಭಾಗ ಹಳದಿ ಆಗುತ್ತದೆ, ಇದರಲ್ಲಿ ಆಗುವುದಿಲ್ಲ. ಅತ್ತೆಗೆ ಅದನ್ನೇ ತೋರಿಸಿ, ಕಣ್ಣು ನೋಡಲಿ.

ಮಲಪ್ರಭಾ ದಂಡೆ (ಸವದತ್ತಿ)

ತಂಗ್ಯಾರೆ, ನಾನು 64 ವರ್ಷದ ರೈತ. ಕೋಪ ಮಾಡಿಕೊಳ್ಳಬೇಡಿ, ಮನಸ್ಸಿಗೆ ಬಂದದ್ದು ಹೇಳುತ್ತೇನೆ. ಈಗಿನವರು ಅನ್ನ ಬಿಟ್ಟು ಗುಳಿಗೆ ತಿನ್ನುತ್ತಿದ್ದೀರಿ. ಬಿಳಿ ಜೋಳದ ರೊಟ್ಟಿ, ಮೆಂತ್ಯ ಪಲ್ಲೆ, ಶೇಂಗಾ ಹಿಂಡಿ, ಗುರೆಳ್ಳು ಪುಡಿ, ಮೇಲೆ ಒಂದು ಲೋಟ ಮಜ್ಜಿಗೆ, ಇದರಲ್ಲಿ ಇಲ್ಲದ ವಿಟಮಿನ್ ಯಾವುದು? ನಮ್ಮ ಅವ್ವನಿಗೂ ತಲೆಶೂಲೆ ಇತ್ತು. ಸೆರಗು ಹರಿದು ಹಣೆಗೆ ಬಿಗಿಯಾಗಿ ಕಟ್ಟಿಕೊಂಡು ಕಾಳಿನ ಚೀಲದ ಹಿಂದೆ ಕತ್ತಲಲ್ಲಿ ಮಲಗುತ್ತಿದ್ದಳು. ಸಂಜೆ ಎದ್ದು ರೊಟ್ಟಿ ಬಡಿಯುತ್ತಿದ್ದಳು. ಯಾವ ಗುಳಿಗೆಯನ್ನೂ ನುಂಗಲಿಲ್ಲ.

ಬಿಳಿಜೋಳ

ಕಾಕಾ, ಕೋಪ ಯಾಕೆ. ನಿಮ್ಮ ಊಟದ ಮಾತು ಮೆಗ್ನೀಷಿಯಂ ವಿಷಯದಲ್ಲಿ ನಿಜ. ನೂರು ಗ್ರಾಂ ಜೋಳದಲ್ಲಿ ನೂರು ಮಿಲಿಗ್ರಾಂಗಿಂತ ಜಾಸ್ತಿ ಮೆಗ್ನೀಷಿಯಂ ಇದೆ, ಸಜ್ಜೆಯಲ್ಲೂ ಇದೆ, ಶೇಂಗಾ, ಎಳ್ಳು, ಅಗಸೆಯಲ್ಲಿ ಇನ್ನೂ ಜಾಸ್ತಿ. ರೊಟ್ಟಿ ಬಿಟ್ಟು ಬೆಳಿಗ್ಗೆ ಬ್ರೆಡ್, ರಾತ್ರಿ ಪಾಲಿಶ್ ಅಕ್ಕಿ ಅನ್ನ ಮಾಡಿಕೊಂಡ ನಮ್ಮಂಥವರಿಗೆ ಅದು ಕಡಿಮೆ ಬೀಳುತ್ತದೆ. ನಾನೇ ಈಗ ರಾತ್ರಿ ರೊಟ್ಟಿಗೆ ವಾಪಸ್ ಬಂದಿದ್ದೇನೆ.

ಆದರೆ ಬಿ2 ಲೆಕ್ಕ ಬೇರೆ. ಒಂದು ಲೀಟರ್ ಹಾಲಿನಲ್ಲಿ ಬಿ2 ಹೆಚ್ಚೂಕಮ್ಮಿ 2 ಮಿಲಿಗ್ರಾಂ. 400 ಬೇಕೆಂದರೆ 200 ಲೀಟರ್ ಹಾಲು ಕುಡಿಯಬೇಕು. ಊಟದಿಂದ ಅದು ಆಗುವುದಿಲ್ಲ. ಇಲ್ಲಿ ಬಿ2 ಕೊಡುವುದು ಕೊರತೆ ತುಂಬಲು ಅಲ್ಲ, ಔಷಧದ ಹಾಗೆ. ಅರೆತಲೆನೋವು ಇದ್ದವರ ಮಿದುಳಿನ ಜೀವಕೋಶಗಳು ಶಕ್ತಿ ಮಾಡಿಕೊಳ್ಳುವ ಕೆಲಸದಲ್ಲಿ ಸ್ವಲ್ಪ ಹಿಂದೆ ಬೀಳುತ್ತವೆ ಎಂಬ ವಿಚಾರ ಇದೆ, ಆ ಕೆಲಸಕ್ಕೆ ಬಿ2 ಬೇಕು. 1998ರಲ್ಲಿ ಬೆಲ್ಜಿಯಂನ ಶೋನೆನ್ ಎಂಬ ವೈದ್ಯರು ಮತ್ತು ಅವರ ಜೊತೆಯವರು 55 ಜನರ ಮೇಲೆ ಮೂರು ತಿಂಗಳು ನೋಡಿದರು. ಬಿ2 ತಗೊಂಡವರಲ್ಲಿ ನೂರಕ್ಕೆ 59 ಜನರಿಗೆ ನೋವಿನ ದಿನ ಅರ್ಧಕ್ಕೆ ಇಳಿದವು, ಸುಳ್ಳು ಗುಳಿಗೆ ತಗೊಂಡವರಲ್ಲಿ ನೂರಕ್ಕೆ 15. ಸಣ್ಣ ಪರೀಕ್ಷೆ, ಅದು ನನಗೂ ಗೊತ್ತು. ಆದರೂ ಇಂಗ್ಲೆಂಡಿನ ನೈಸ್ ಸಂಸ್ಥೆಯ ಮಾರ್ಗಸೂಚಿಯಲ್ಲಿ ಈ 400 ಮಿಲಿಗ್ರಾಂ ಕೆಲವರಿಗೆ ಉಪಯೋಗ ಆಗಬಹುದು ಅಂತ ಹೇಳಿದ್ದಾರೆ.

ಕಾಕಾ, ಇನ್ನೊಂದು ಮಾತು. ನಿಮ್ಮ ಅವ್ವ ಅದೇ ರೊಟ್ಟಿ, ಅದೇ ಹಿಂಡಿ, ಅದೇ ಮಜ್ಜಿಗೆ ಊಟ ಮಾಡುತ್ತಿದ್ದರು ಅಲ್ವಾ? ಆದರೂ ಕಾಳಿನ ಚೀಲದ ಹಿಂದೆ ಮಲಗಬೇಕಾಯಿತು. ಅವರಿಗೆ ನೋವು ಇರಲಿಲ್ಲ ಅಂತಲ್ಲ, ಕೇಳುವವರು ಇರಲಿಲ್ಲ.

ಆಲಮಟ್ಟಿ ಗಾಳಿ (ನಿಡಗುಂದಿ)

ವಿಟಮಿನ್ ಡಿ ಬಗ್ಗೆ ಯಾರೂ ಬರೆದಿಲ್ಲ, ನಾನು ಬರೆಯುತ್ತೇನೆ. ನನ್ನ ತಮ್ಮನಿಗೆ ರಕ್ತ ಪರೀಕ್ಷೆಯಲ್ಲಿ ಡಿ ಕಡಿಮೆ ಅಂತ ಬಂತು. 60,000 ಯೂನಿಟ್ಟಿನ ಪುಡಿ ಬರೆದುಕೊಟ್ಟರು, ವಾರಕ್ಕೊಂದು, ಎಂಟು ವಾರ. ಅವನು ಬೇಗ ತಲೆನೋವು ಹೋಗಲಿ ಅಂತ ದಿನಾ ಒಂದು ಹಾಲಿಗೆ ಹಾಕಿ ಕುಡಿದ. ಒಂದೂವರೆ ತಿಂಗಳಿಗೆ ವಾಕರಿಕೆ, ಮಲಬದ್ಧತೆ, ಎಷ್ಟು ನೀರು ಕುಡಿದರೂ ಬಾಯಾರಿಕೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿತ್ತು. ನಾಲ್ಕು ದಿನ ದವಾಖಾನೆಯಲ್ಲಿ ಸಲೈನ್ ಹಾಕಿಸಿಕೊಂಡು ಮಲಗಿದ.

ವಿಟಮಿನ್ ತಾನೇ, ಏನಾಗುತ್ತೆ ಅನ್ನಬೇಡಿ. ಬಿ2 ಮಿಕ್ಕಿದ್ದು ಮೂತ್ರದಲ್ಲಿ ಹೋಗುತ್ತದೆ. ಡಿ ಹೋಗುವುದಿಲ್ಲ, ಕೊಬ್ಬಿನಲ್ಲಿ ಕೂಡುತ್ತದೆ.

ಸ್ಟಾಫ್ ನರ್ಸ್ (ಬೆಳಗಾವಿ)

ಮೇಲಿನವರು ಬರೆದದ್ದು ತುಂಬಾ ಮುಖ್ಯ. ಎ ವಿಟಮಿನ್ನೂ ಹಾಗೇ, ಅತಿಯಾದರೆ ತಲೆಬುರುಡೆಯೊಳಗೆ ಒತ್ತಡ ಏರಿ ಅದರಿಂದಲೇ ತಲೆನೋವು ಬರುತ್ತದೆ. ಬಿ6 ಹೆಚ್ಚಿನ ಪ್ರಮಾಣದಲ್ಲಿ ಬಹಳ ದಿನ ನುಂಗಿದರೆ ಕೈಕಾಲು ಜೋಮು ಹಿಡಿಯುತ್ತವೆ, ನರಕ್ಕೆ ಪೆಟ್ಟು. ನಾಲ್ಕು ಡಬ್ಬಿ ತಂದು ಒಟ್ಟಿಗೆ ನುಂಗುವವರನ್ನು ನೋಡಿದ್ದೇನೆ. ನಾಲ್ಕರಲ್ಲೂ ಬಿ6 ಇರುತ್ತದೆ, ಕೂಡಿಸಿ ಯಾರೂ ನೋಡಿರುವುದಿಲ್ಲ.

ಬಿ12 ಬಗ್ಗೆಯೂ ಒಂದು ಮಾತು. ನಮ್ಮಲ್ಲಿ ಮಾಂಸ, ಮೊಟ್ಟೆ ತಿನ್ನದವರಲ್ಲಿ ಬಿ12 ಕೊರತೆ ಜಾಸ್ತಿ. ಕೊರತೆ ಇದ್ದರೆ ತುಂಬಲೇಬೇಕು, ಸುಸ್ತು, ಜೋಮು ಕಡಿಮೆ ಆಗುತ್ತವೆ. ಆದರೆ ಅದು ಅರೆತಲೆನೋವಿನ ಔಷಧ ಅಂತ ತಿಳಿದು ವಾರ ವಾರ ಇಂಜೆಕ್ಷನ್ ಹಾಕಿಸಿಕೊಳ್ಳಬೇಡಿ.

ಇವು ಬಂದರೆ ವಿಟಮಿನ್ನೂ ಬೇಡ, ಕ್ಯಾಲೆಂಡರೂ ಬೇಡ, ತಕ್ಷಣ ಆಸ್ಪತ್ರೆಗೆ ಬನ್ನಿ. ಸಿಡಿಲು ಬಡಿದ ಹಾಗೆ ಒಮ್ಮೆಲೇ ಬಂದ ಭಾರಿ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಬಾಯಿ ಸೊಟ್ಟ ಆಗುವುದು ಅಥವಾ ಕೈಕಾಲಿನಲ್ಲಿ ಶಕ್ತಿ ಇಲ್ಲದಿರುವುದು, ತಲೆಗೆ ಪೆಟ್ಟು ಬಿದ್ದ ಮೇಲಿನ ನೋವು, ಬಸುರಿಯರಿಗೆ ಬಂದ ಹೊಸ ತಲೆನೋವು. ಐವತ್ತು ದಾಟಿದ ಮೇಲೆ ಮೊದಲ ಸಲ ಶುರುವಾದರೂ ತೋರಿಸದೆ ಬಿಡಬೇಡಿ.

ಕುಂದಾ ಪ್ರಿಯೆ (ಬೆಳಗಾವಿ)

ಸಿಸ್ಟರ್, ನನಗೆ 24. ನೋವು ಬರುವ ಅರ್ಧ ಗಂಟೆ ಮೊದಲು ಕಣ್ಣ ಮುಂದೆ ಮಿಂಚಿನ ಹಾಗೆ ಅಂಕುಡೊಂಕು ಗೆರೆ ಬರುತ್ತದೆ, ಓದುತ್ತಿರುವ ಸಾಲಿನ ಅರ್ಧ ಕಾಣುವುದಿಲ್ಲ. ಬಿ2 ಶುರು ಮಾಡಬಹುದಾ? ಬರುವ ಮಾಘದಲ್ಲಿ ಮದುವೆ. ಮನೆಯಲ್ಲಿ ಯಾರಿಗೂ ಹೇಳಿಲ್ಲ.

ಸ್ಟಾಫ್ ನರ್ಸ್

ಅದಕ್ಕೆ ಔರಾ ಅಂತಾರೆ ಪುಟ್ಟಿ, ಅರೆತಲೆನೋವಿನ ಒಂದು ಬಗೆ. ಶುರು ಮಾಡುವುದನ್ನು ಡಾಕ್ಟರೇ ಹೇಳಲಿ. ಅವರ ಹತ್ತಿರ ಎರಡು ಸಂಗತಿ ಬಿಡದೆ ಹೇಳು. ಒಂದು, ಈ ಗೆರೆ ಬರುವುದು. ಔರಾ ಇದ್ದವರಿಗೆ ಈಸ್ಟ್ರೊಜೆನ್ ಇರುವ ಗರ್ಭನಿರೋಧಕ ಗುಳಿಗೆ ಆಗಿಬರುವುದಿಲ್ಲ, ಪಾರ್ಶ್ವವಾಯುವಿನ ಅಪಾಯ ಏರುತ್ತದೆ. ಎರಡು, ಮದುವೆಯ ವಿಷಯ. ಅರೆತಲೆನೋವು ತಡೆಯಲು ಕೊಡುವ ವಾಲ್ಪ್ರೊಯೇಟ್, ಟೋಪಿರಮೇಟ್ ಗರ್ಭದ ಮಗುವಿಗೆ ಕೆಟ್ಟದ್ದು, ಮೊದಲೇ ಹೇಳಿದರೆ ಅವರು ಬೇರೆ ಔಷಧ ನೋಡುತ್ತಾರೆ. ಮತ್ತೆ, ಮನೆಯಲ್ಲಿ ಅವ್ವನಿಗಾದರೂ ಹೇಳು. ಇದರಲ್ಲಿ ಮುಚ್ಚಿಡುವಂಥದ್ದು ಏನೂ ಇಲ್ಲ.

ಕರದಂಟು (ಗೋಕಾಕ)

ನನ್ನ ಮಗನಿಗೆ ಹನ್ನೊಂದು ವರ್ಷ. ಅವನಿಗೂ ಅರೆತಲೆನೋವು ಅಂದಿದ್ದಾರೆ. ಬಿ2 ಕೊಡಬಹುದಾ ಅಂತ ಕೇಳಬೇಕಿತ್ತು.

ಮೆಡಿಕಲ್ ಅಂಗಡಿ

ದೊಡ್ಡವರ ಲೆಕ್ಕ ಮಕ್ಕಳಿಗೆ ಹಾಕಬೇಡಿ ಸರ್. ಆಸ್ಟ್ರೇಲಿಯಾದಲ್ಲಿ 48 ಮಕ್ಕಳಿಗೆ ದಿನಕ್ಕೆ 200 ಮಿಲಿಗ್ರಾಂ ಕೊಟ್ಟು ನೋಡಿದ್ದರು, 2008ರಲ್ಲಿ ಬಂದ ವರದಿ. ಸುಳ್ಳು ಗುಳಿಗೆಗೂ ಇದಕ್ಕೂ ವ್ಯತ್ಯಾಸ ಕಾಣಲಿಲ್ಲ. ಮಕ್ಕಳ ಡಾಕ್ಟರ ಹತ್ತಿರ ಹೋಗಿ. ಅಷ್ಟರಲ್ಲಿ ಬೆಳಿಗ್ಗೆ ತಿಂಡಿ ತಿನ್ನದೆ ಶಾಲೆಗೆ ಹೋಗುತ್ತಾನಾ, ರಾತ್ರಿ ಎಷ್ಟಕ್ಕೆ ಮಲಗುತ್ತಾನೆ, ನೀರು ಕುಡಿಯುತ್ತಾನಾ, ಇದನ್ನು ಒಂದು ವಾರ ನೋಡಿ ಬರೆದಿಡಿ.

ಗುಮ್ಮಟದ ನೆರಳು

ತಿಂಡಿ ಮಾತು ಬಂತಲ್ಲ, ಉಪವಾಸದ ಬಗ್ಗೆಯೂ ಹೇಳಿ. ನನ್ನ ಹೆಂಡತಿಗೆ ಶ್ರಾವಣ ಸೋಮವಾರ ಬಂತೆಂದರೆ ಮಂಗಳವಾರ ತಲೆನೋವು ಖಾತ್ರಿ. ಬಿಡು ಅಂದರೆ ಬಿಡುವುದಿಲ್ಲ.

ಬಿಳಿಜೋಳ

ನನಗೂ ಹಾಗೇ ಆಗುತ್ತಿತ್ತು ಅಣ್ಣಾ. ಉಪವಾಸ ಬಿಟ್ಟಿಲ್ಲ, ರೀತಿ ಬದಲಿಸಿದೆ. ಮೂರು ತಾಸಿಗೊಮ್ಮೆ ಏನಾದರೂ ಹೊಟ್ಟೆಗೆ, ಹಾಲು, ಬಾಳೆಹಣ್ಣು, ಶೇಂಗಾ ಉಂಡಿ. ನೀರು ಬಿಡುವುದೇ ಇಲ್ಲ. ಚಹಾ ಕುಡಿಯುವವರು ಉಪವಾಸದ ದಿನ ಚಹಾ ಒಮ್ಮೆಲೇ ನಿಲ್ಲಿಸಿದರೆ ಅದಕ್ಕೂ ತಲೆನೋವು ಬರುತ್ತದೆ. ಇದನ್ನು ವೈನಿಯವರಿಗೆ ಹೇಳಿ.

ಯಾರೋ ಖಾಸಗಿಯಾಗಿ ಕೋ ಎನ್ಜೈಮ್ ಕ್ಯೂ10 ಬಗ್ಗೆ ಕೇಳಿದ್ದರು, ಅದೂ ಬಿ2 ಹಾಗೆ ಜೀವಕೋಶ ಶಕ್ತಿ ಮಾಡಿಕೊಳ್ಳಲು ಬೇಕಾದ ವಸ್ತು. 2005ರ ಒಂದು ಪರೀಕ್ಷೆಯಲ್ಲಿ 42 ಜನ ಇದ್ದರು, ದಿನಕ್ಕೆ 300 ಮಿಲಿಗ್ರಾಂ ತಗೊಂಡವರಿಗೆ ಗುಣ ಕಂಡಿದೆ. ಆದರೆ ತಿಂಗಳ ಖರ್ಚು ಜಾಸ್ತಿ. ನನ್ನ ಡಾಕ್ಟರು ಮೊದಲು ಬಿ2, ಮೆಗ್ನೀಷಿಯಂ ಮೂರು ತಿಂಗಳು ನೋಡೋಣ, ಒಮ್ಮೆಲೇ ಎಲ್ಲ ಶುರು ಮಾಡಿದರೆ ಯಾವುದು ಗುಣ ಕೊಟ್ಟಿತು ಅಂತ ತಿಳಿಯುವುದಿಲ್ಲ ಅಂದರು. ಬಟರ್‌ಬರ್ ಎಂಬ ಗಿಡದ ಗುಳಿಗೆ ಆನ್‌ಲೈನ್ ಸಿಗುತ್ತದೆ, ಅದನ್ನು ಮಾತ್ರ ತರಿಸಬೇಡಿ. ಅಮೆರಿಕದ ನರರೋಗ ವೈದ್ಯರ ಅಕಾಡೆಮಿ 2012ರಲ್ಲಿ ಅದನ್ನು ಅರೆತಲೆನೋವು ತಡೆಯುವವುಗಳ ಮೇಲಿನ ದರ್ಜೆಯಲ್ಲಿ ಇಟ್ಟಿತ್ತು, ಲಿವರಿಗೆ ಹಾನಿ ಆಗುವ ಭಯದಿಂದ 2015ರಲ್ಲಿ ಆ ಮಾರ್ಗಸೂಚಿಯನ್ನೇ ಹಿಂದಕ್ಕೆ ತಗೊಂಡರು.

ಮಲಪ್ರಭಾ ದಂಡೆ

ತಂಗಿ, ನೀನು ಅವ್ವನ ಬಗ್ಗೆ ಬರೆದದ್ದು ಓದಿ ಎರಡು ದಿನ ಏನೂ ಬರೆಯಲಿಲ್ಲ. ಕಾಳಿನ ಚೀಲದ ಹಿಂದೆ ಅವಳು ಮಲಗಿದಾಗ ನಾವು ಹುಡುಗರು ಅಂಗಳದಲ್ಲಿ ಚಿಣ್ಣಿಕೋಲು ಆಡುತ್ತಾ ಕೂಗಾಡುತ್ತಿದ್ದೆವು. ಸುಮ್ಮನಿರಿ ಅಂತ ಅವಳು ಒಂದು ದಿನವೂ ಅನ್ನಲಿಲ್ಲ.

ನಿನ್ನೆ ಸೊಸೆಯನ್ನು ಕೇಳಿದೆ. ನಿನಗೇನಾದರೂ ತಲೆನೋವು ಇದೆಯೇನವ್ವ ಅಂತ. ತಿಂಗಳಿಗೆ ಏಳೆಂಟು ದಿನ ಇರುತ್ತೆ ಮಾವಾರೆ ಅಂದಳು. ಒಂದೇ ಮನೆಯಲ್ಲಿ ಒಂಬತ್ತು ವರ್ಷ, ನನಗೆ ಗೊತ್ತೇ ಇರಲಿಲ್ಲ. ಗುರುವಾರ ಬೆಳಗಾವಿಗೆ ಕರೆದುಕೊಂಡು ಹೋಗುತ್ತೇನೆ. ಏನೇನು ತಗೊಂಡು ಹೋಗಬೇಕು?

ಬಿಳಿಜೋಳ

ಕಾಕಾ, ಈಗ ನುಂಗುತ್ತಿರುವ ಎಲ್ಲ ಗುಳಿಗೆಯ ಸ್ಟ್ರಿಪ್, ಖಾಲಿ ಆದದ್ದೂ ಸೇರಿ. ಹಿಂದಿನ ರಕ್ತ ಪರೀಕ್ಷೆ ಇದ್ದರೆ ಅದು. ಕಳೆದ ತಿಂಗಳು ಯಾವ ಯಾವ ದಿನ ನೋವಿತ್ತು ಅಂತ ನೆನಪಿದ್ದಷ್ಟು ಕ್ಯಾಲೆಂಡರ್ ಮೇಲೆ ಗುರುತು ಮಾಡಲಿ, ಮುಟ್ಟಿನ ದಿನಗಳನ್ನೂ ಗುರುತು ಮಾಡಲಿ, ಅದಕ್ಕೂ ಇದಕ್ಕೂ ಸಂಬಂಧ ಇರುತ್ತದೆ. ಬೆಳಿಗ್ಗೆ ಬಸ್ಸು ಹತ್ತುವ ಮೊದಲು ಇಬ್ಬರೂ ತಿಂಡಿ ತಿನ್ನಿ. ಕಿಟಕಿ ಪಕ್ಕ ಬಿಸಿಲು ಬೀಳದ ಕಡೆ ಅವಳನ್ನು ಕೂರಿಸಿ.

ಡಾಕ್ಟರ ಕೋಣೆಯಲ್ಲಿ ಅವಳೇ ಮಾತಾಡಲಿ ಕಾಕಾ. ನೀವು ಹೊರಗೆ ಕೂತಿರಿ.